ಜಗುಲಿಯ ಕೆಳಗೆ ನಿಲ್ಲದ ಸುದ್ದಿ

ಹೊಂಗೆಹುಂಡಿಯ ಪುಟ್ಟಸಿದ್ದಯ್ಯ ಟವಲನ್ನು ತಲೆಗೆ ಸುತ್ತಿಕೊಂಡು ಬರುತ್ತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೂಲಿಗೋ ಸಂತೆಗೋ ಹೊರಟಿದ್ದಾನೆ ಎಂದುಕೊಳ್ಳುತ್ತಿದ್ದರು. ಅದೇ ಟವಲು ಹೆಗಲ ಮೇಲಿದ್ದರೆ ಕಳೆ ಕೀಳುತ್ತಿದ್ದ ಹೆಂಗಸರು ಗದ್ದೆಯಲ್ಲೇ ಎದ್ದು ನಿಲ್ಲುತ್ತಿದ್ದರು. ಎಲ್ಲೋ ಒಂದು ಹೆಣ ಮಲಗಿದೆ, ಇವನು ಯಾರದೋ ಮನೆ ಹುಡುಕಿಕೊಂಡು ಹೊರಟಿದ್ದಾನೆ ಎಂದೇ ಅದರ ಅರ್ಥ. ತಮ್ಮ ಊರಿನ ದಾರಿ ಬಿಟ್ಟು ಅವನು ಮುಂದಕ್ಕೆ ಹೋದ ಮೇಲೆ ಅವರು ಮತ್ತೆ ಬಗ್ಗುತ್ತಿದ್ದರು.

ಸಾವಿನ ಸುದ್ದಿ ಹೇಳಿಬರುವುದು ಅವನ ಮನೆತನಕ್ಕೆ ಊರು ಹೊರಿಸಿದ್ದ ಕೆಲಸ. ಕೆಳಗಿನ ಕೇರಿಯ ಆ ಒಂದು ಮನೆಯವರೇ ಅದನ್ನು ಮಾಡಬೇಕು, ಒಲ್ಲೆ ಎನ್ನುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋದರೆ ಒಂದಿಷ್ಟು ಭತ್ತ ಹಾಕುತ್ತಿದ್ದರು. ಊರಿರುವುದು ಯಳಂದೂರಿನಿಂದ ಹೊನ್ನೂರಿಗೆ ಹೋಗುವ ದಾರಿಯಲ್ಲಿ, ಕಬ್ಬು ತೆಂಗುಗಳ ನಡುವೆ. ಮೇಲಿನ ಬೀದಿಯವರ ನೆಂಟಸ್ತನ ಮಾತ್ರ ಕೊಳ್ಳೇಗಾಲ, ಹನೂರು, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನವರೆಗೂ ಹಬ್ಬಿತ್ತು. ಎಂಬತ್ತರ ದಶಕದಲ್ಲಿ ಬಸ್ಸು ನಂಬಿ ಕೂತರೆ ಹೆಣ ಕಾಯುತ್ತಿರಲಿಲ್ಲ. ಪುಟ್ಟಸಿದ್ದಯ್ಯ ಗದ್ದೆಯ ಬದುವಿನ ಮೇಲೆ, ಕಾಲುವೆಯ ಏರಿಯ ಮೇಲೆ, ಅಡ್ಡದಾರಿ ಹಿಡಿದು ನಡೆಯುತ್ತಿದ್ದ.

ಕೆಲಸ ಕಲಿಸಿದವನು ಅವನ ಅಪ್ಪ.

"ಸತ್ತೋದ್ರು ಅನ್ನೋ ಮಾತ ಮೊದ್ಲೇ ಆಡ್ಬೇಡ ಕಣ್ಲಾ," ಎನ್ನುತ್ತಿದ್ದ. "ಮೊದ್ಲು ಯಾವೂರು ಅಂತ ಏಳು. ಆಮೇಲೆ ಯಾರ ಮನೆ ಅಂತ ಏಳು. ಆಮೇಲೆ ಅವ್ರ ಎಸ್ರು ಏಳು. ಅಷ್ಟೊತ್ಗೆ ಕೇಳೋರ್ಗೇ ತಿಳ್ಕತದ. ಕೊನೆ ಮಾತ ನೀ ಆಡೋದೇ ಬೇಕಾಗಲ್ಲ."

ಜಗುಲಿ ಹತ್ತಲು ಅವರನ್ನು ಹೇಗೂ ಬಿಡುತ್ತಿರಲಿಲ್ಲ. ಅಪ್ಪ ಅದನ್ನೂ ತನ್ನದೇ ರೀತಿಯಲ್ಲಿ ಹೇಳಿಕೊಟ್ಟಿದ್ದ. "ಸಾವು ನಮ್ ಜತೇಲೆ ನಡ್ಕಂಡ್ ಬಂದಿರ್ತದ. ನಾವು ಒಳಕ್ಕೋದ್ರೆ ಅದೂವೆ ಒಳಕ್ಕೋಯ್ತದ. ಜಗ್ಲಿ ಕೆಳ್ಗೆ ನಿಂತ್ಕ, ಯಜಮಾನ್ರ ಈಚ್ಗೆ ಕರಿ. ಒಳ್ಗೆ ಬಾಣಂತಿ ಇದ್ರೆ, ದೀಪ ಅಚ್ಚೋ ಒತ್ತಾಗಿದ್ರೆ, ವಸಿ ತಡಿ. ಸತ್ತೋರು ಎಲ್ಲೂ ಎದ್ದೋಗಲ್ಲ."

ಸುದ್ದಿ ಕೇಳಿದ ಮನೆಯವರು ಒಳಗಿನಿಂದ ಮೊರದಲ್ಲಿ ರಾಗಿ ತಂದು ಜಗುಲಿಯ ಅಂಚಿನಿಂದ ಅವನ ಟವಲಿಗೆ ಸುರಿಯುತ್ತಿದ್ದರು. ಅದನ್ನು ಬೇಡ ಎನ್ನುವಂತಿಲ್ಲ. ಹೇಳಿದವನು ಆ ರಾಗಿಯ ಜತೆಯಲ್ಲೇ ಸಾವನ್ನೂ ಕಟ್ಟಿಕೊಂಡು ಹೋಗುತ್ತಾನೆ, ಬಿಟ್ಟು ಹೋದರೆ ಅದು ಆ ಮನೆಯಲ್ಲೇ ಉಳಿಯುತ್ತದೆ ಎಂಬುದು ನಂಬಿಕೆ.

ಗಂಡಸು ಸತ್ತ ಸುದ್ದಿಗಿಂತ ಮದುವೆಯಾದ ಹೆಂಗಸು ಸತ್ತ ಸುದ್ದಿಗೆ ಅವನು ಹೆಚ್ಚು ಬಿರುಸಾಗಿ ನಡೆಯುತ್ತಿದ್ದ. ಅವಳ ಮೈಮೇಲೆ ತವರಿನ ಸೀರೆ ಬೀಳಬೇಕು. ಅಣ್ಣನೋ ತಮ್ಮನೋ ಸೀರೆ ತಂದು ಹೊದಿಸುವವರೆಗೂ ಹೆಣವನ್ನು ಮಣ್ಣಿಗೆ ಇಳಿಸುವುದಿಲ್ಲ. ಒಂದು ಮಳೆಗಾಲ, ಬೆಟ್ಟದ ತಪ್ಪಲಿನ ಹಳ್ಳಿಯೊಂದಕ್ಕೆ ಹೋಗಿ, ಹೊಲದಲ್ಲಿದ್ದ ಅಣ್ಣತಮ್ಮಂದಿರನ್ನು ಹುಡುಕಿ, ಅವರನ್ನು ಮುಂದೆ ಹಾಕಿಕೊಂಡು ಕೆಸರಿನಲ್ಲೇ ವಾಪಸು ಬಂದಿದ್ದ. ಗುಂಡಿಯ ಹತ್ತಿರ ಜನ ನಿಂತಿದ್ದರು. ಸೀರೆ ಹೊದಿಸಿದರು. ಒಬ್ಬ ಮುದುಕಿ, "ತವ್ರಿನೋರು ಬಂದ್ರು, ಇನ್ನು ಓಗವ್ವ," ಎಂದು ಹೆಣಕ್ಕೆ ಹೇಳಿದಳು. ಆ ಮಾತು ಪುಟ್ಟಸಿದ್ದಯ್ಯನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಕೆಲಸದ ಮೇಲೆ ಅವನಿಗೆ ಸಿಟ್ಟಿತ್ತು, ನಾಚಿಕೆಯೂ ಇತ್ತು. ಆದರೆ ತಾನು ಸುದ್ದಿ ಹೊತ್ತ ಯಾವ ಹೆಣ್ಣೂ ತವರಿನ ಸೀರೆ ಇಲ್ಲದೆ ಮಣ್ಣಿಗೆ ಹೋಗಿಲ್ಲ ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದ.

ಅವನಿಗೆ ಒಬ್ಬಳೇ ತಂಗಿ, ಚೆಲುವಮ್ಮ. ಹನೂರಿನಿಂದ ಆಚೆಗೆ ಅರಳಿದೊಡ್ಡಿಗೆ ಕೊಟ್ಟಿದ್ದರು. ಗೌರಿ ಹಬ್ಬಕ್ಕೆ ಮುಂಚೆ ಅವನು ಕೊಳ್ಳೇಗಾಲದಲ್ಲಿ ಒಂದು ಸೀರೆ ತೆಗೆದುಕೊಂಡು ಅವಳ ಮನೆಗೆ ಹೋಗಿಬರುತ್ತಿದ್ದ. ಅವಳದು ತಮಾಷೆಯ ಬಾಯಿ. ಟವಲು ಹೆಗಲಿಂದ ತೆಗೆದು ತಲೆಗೆ ಸುತ್ತಿಕೊಳ್ಳದೆ ಬಾಗಿಲಿಗೆ ಬಂದರೆ ಒಳಕ್ಕೆ ಬಿಡುತ್ತಿರಲಿಲ್ಲ.

"ಊರೋರ ಸಾವ್ನೆಲ್ಲ ನೀ ಏಳ್ತೀಯಲ್ಲ ಅಣ್ಣ, ನನ್ ಸಾವ ನಿಂಗ್ಯಾರ್ ಏಳಾರು?" ಎಂದು ಒಂದು ಸಲ ಕೇಳಿದ್ದಳು. "ನಾನೇ ಎದ್ದು ಬಂದು ಏಳ್ಬೇಕೇನೋ."

"ಬುಡ್ತು ಅನ್ನು," ಎಂದು ಗದರಿದ್ದ.

"ಯಾಕ್ ಬುಡ್ತು ಅನ್ಲಿ? ಸೀರೆ ಮಾತ್ರ ಈ ಮಾಸ್ಲು ಬಣ್ಣದ್ದು ತರ್ಬೇಡ. ಅಸ್ರುದ್ ತಕಂಡ್ ಬಾ."

ಎರಡು ಸಾವಿರದ ಇಸವಿ ಕಳೆದ ಮೇಲೆ ಹೊನ್ನೂರಿನ ರಸ್ತೆಯ ಅಂಚಿನಲ್ಲಿ ಆಳದ ಕಾಲುವೆ ತೋಡುವ ಕೆಲಸ ಬಂತು. ಪುಟ್ಟಸಿದ್ದಯ್ಯನೂ ಅವನ ಹೆಂಡತಿ ಕೆಂಪಾಜಮ್ಮನೂ ಕೂಲಿಗೆ ಹೋದರು. ಅವನು ಹಾರೆ ಹಾಕಿ ತೋಡುತ್ತಿದ್ದ, ಅವಳು ಮಂಕರಿಯಲ್ಲಿ ಮಣ್ಣು ಹೊರುತ್ತಿದ್ದಳು. ಕೆಲಸ ಮಾಡಿಸುವವನು ಸತ್ಯಮಂಗಲದ ಕಡೆಯ ತಮಿಳು ಮೇಸ್ತ್ರಿ. ಗುಂಡಿಯ ತಳದಲ್ಲಿ ಕೊಳವೆ ಹಾಸಿ, ಅದರೊಳಗೆ ಕಪ್ಪು ಕೇಬಲ್ಲು ತೂರಿಸುತ್ತಿದ್ದರು.

"ಇದ್ರೊಳ್ಗೆ ತಾಮ್ರ ಅದಾ ಸಾ?" ಎಂದು ಪುಟ್ಟಸಿದ್ದಯ್ಯ ಕೇಳಿದ.

"ತಾಮ್ರ ಇಲ್ಲೆ ಪೆರಿಯವರೇ. ಗಾಜು. ಕೂದಲು ಮಾದ್ರಿ ಗಾಜು. ಅದ್ರಲ್ಲಿ ಬೆಳಕು ಓಡ್ತದೆ, ಬೆಳಕಲ್ಲಿ ಮಾತು ಓಡ್ತದೆ."

ಕೆಂಪಾಜಮ್ಮ ಮಂಕರಿ ಕೆಳಗಿಟ್ಟಳು. "ಬೆಳಕ್ನ ಊಳಕ್ಕೆ ಇಷ್ಟು ಆಳ ತೋಡ್ಬೇಕಾ? ನಮ್ಮತ್ತೆನ ಊಳ್ದಾಗ್ಲೂ ಇಷ್ಟು ತೋಡಿರ್ನಿಲ್ಲ."

ಮೇಸ್ತ್ರಿ ನಕ್ಕ. "ಮುಂದಕ್ಕೆ ಈ ಗಾಜೇ ಮನೆಮನೆ ಒಳಗೆ ಬರ್ತದೆ ಅಮ್ಮಾ. ಫೋನು, ಟೀವಿ, ಎಲ್ಲಾ ಒಂದೇ ಗಾಜಲ್ಲಿ."

"ನಮ್ ಕೇರಿಗೂವೆ ಬತ್ತದಾ?" ಎಂದ ಪುಟ್ಟಸಿದ್ದಯ್ಯ.

"ನನ್ನ ಕೇಳಿದ್ರೆ? ನಾನು ಗುಂಡಿ ತೋಡಿಸೋನು."

ಗಾಜಿನ ಎಳೆ ಸದ್ಯಕ್ಕೆ ಹೊನ್ನೂರಿನ ಎಕ್ಸ್‌ಚೇಂಜಿಗೆ ಬಂದು ನಿಂತಿತು. ಅಲ್ಲಿಂದ ಮನೆಗಳಿಗೆ ಕಂಬದ ಮೇಲಿನ ತಂತಿಯೇ. ಆದರೂ ಮೊದಲಿನ ಹಾಗೆ ಮಳೆ ಹನಿದರೆ ಫೋನು ಸಾಯುವುದು, ಕಿವಿಯಲ್ಲಿ ಗೊರಗೊರ ಎನ್ನುವುದು ನಿಂತುಹೋಯಿತು. ವರ್ಷಗಟ್ಟಲೆ ಕಾದಿದ್ದವರಿಗೆ ಕೇಳಿದ ಕೂಡಲೇ ಫೋನು ಬಂತು. ಮೇಲಿನ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಕಿಸಿದರು. ಕಂಬಗಳ ಸಾಲು ಆ ಬೀದಿಯ ಕೊನೆಗೇ ನಿಂತುಹೋಯಿತು. ಕೆಳಗಿನ ಕೇರಿಯಿಂದ ಯಾರೂ ಅರ್ಜಿ ಹಾಕಿರಲಿಲ್ಲವಾದ್ದರಿಂದ ಕಂಬ ಬರಲಿಲ್ಲ. ಕಂಬ ಇಲ್ಲದ ಕಡೆಗೆ ಅರ್ಜಿ ಹಾಕಿ ಏನು ಮಾಡುವುದು ಎಂದು ಯಾರೂ ಹಾಕಲೂ ಇಲ್ಲ.

ಫೋನಿನಿಂದ ಅನುಕೂಲ ಆಗಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಊರಿನ ದೊಡ್ಡ ಜಮೀನುದಾರ ಶಿವಮಲ್ಲಪ್ಪ ಮನೆಯಲ್ಲೇ ಕೂತು ಬೆಲ್ಲದ ಧಾರಣೆ ಕೇಳಿ, ಆಮೇಲೆ ಗಾಡಿ ಕಟ್ಟಿಸುತ್ತಿದ್ದ. ಅವನ ಮಗಳು ಸೌಮ್ಯ ಹೆರಿಗೆಗೆಂದು ತವರಿಗೆ ಬಂದಿದ್ದಾಗ ನಡುಮಧ್ಯಾಹ್ನ ಅವಳಿಗೆ ರಕ್ತ ಹೋಗಲು ಶುರುವಾಯಿತು. ಪುಟ್ಟಸಿದ್ದಯ್ಯ ಅವರ ಹಿತ್ತಲಿನಲ್ಲಿ ತೆಂಗಿನ ಗರಿ ಸವರುತ್ತಿದ್ದ. ಶಿವಮಲ್ಲಪ್ಪನ ಹೆಂಡತಿ ಸುವರ್ಣಮ್ಮ ಕೊಳ್ಳೇಗಾಲಕ್ಕೆ ಫೋನು ಮಾಡಿದ್ದು, ಕಾರು ಬಂದದ್ದು, ಎಲ್ಲವನ್ನೂ ಅವನು ಕಣ್ಣಾರೆ ಕಂಡ. ತಾಯಿ ಮಗು ಎರಡೂ ಉಳಿದ ಸುದ್ದಿ ಸಂಜೆಗೆ ಅದೇ ಫೋನಿನಲ್ಲಿ ಬಂತು. ಆ ದಿನ ಮನೆಗೆ ಬಂದು ಕೆಂಪಾಜಮ್ಮನಿಗೆ ಹೇಳಿದ: "ನಾವು ಊತ್ವಲ್ಲ, ಆ ಗಾಜು ಎರಡ್ ಜೀವ ಉಳಿಸ್ತು ಕನಮ್ಮಿ."

ಅಷ್ಟರಲ್ಲಿ ಅವನ ಹಳೆಯ ಕೆಲಸ ಸದ್ದಿಲ್ಲದೆ ಮುಗಿದುಹೋಗಿತ್ತು. ಶಿವಮಲ್ಲಪ್ಪನ ಚಿಕ್ಕಪ್ಪ ತೀರಿಕೊಂಡಾಗ ನೆಂಟರೆಲ್ಲ ಮಧ್ಯಾಹ್ನದ ಹೊತ್ತಿಗೇ ಬಂದು ಸೇರಿದರು. ಪುಟ್ಟಸಿದ್ದಯ್ಯನಿಗೆ ವಿಷಯ ತಿಳಿದದ್ದು ತಮಟೆಯ ಸದ್ದಿನಿಂದ.

"ನಿನ್ ಕಾಲ್ಗೆ ಪಿಂಚಣಿ ಬಂತು ಕಣೋ ಪುಟ್ಟಸಿದ್ದ," ಎಂದ ಶಿವಮಲ್ಲಪ್ಪ.

"ಕಾಲ್ಗೇನೋ ಬಂತು ಬುದ್ಧಿ, ಒಟ್ಟೆಗ್ ಬರ್ನಿಲ್ಲ," ಎಂದ ಪುಟ್ಟಸಿದ್ದಯ್ಯ. ಜಗುಲಿಯಲ್ಲಿದ್ದವರೆಲ್ಲ ನಕ್ಕರು. ಆ ಸುಗ್ಗಿಗೆ ಕಣದಲ್ಲಿ ಅವನ ಪಾಲಿನ ಭತ್ತ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಅವನೂ ಕೇಳಲಿಲ್ಲ.

ಕೆಂಪಾಜಮ್ಮನಿಗಂತೂ ಸಂತೋಷ. "ಓದ್ರೆ ಓಗ್ಲಿ ಬುಡು. ಊರೂರ ಎಣದ್ ಸುದ್ದಿ ಒತ್ಕಂಡ್ ಬಂದು ನನ್ ಒಲೆ ಮುಂದೆ ಕೂತ್ಕತಿದ್ದೆ," ಎಂದಳು. ಟವಲು ಅಲ್ಲಿಂದ ಮುಂದೆ ಸದಾ ತಲೆಯ ಮೇಲೇ ಇತ್ತು.

ಒಂದು ದಿನ ಸುವರ್ಣಮ್ಮನೇ ಕೇಳಿದಳು: "ನಿನ್ ತಂಗಿಗೆ ನಮ್ಮನೆ ನಂಬರ್ ಕೊಟ್ಟಿದ್ದೀಯಾ? ಕೊಡು. ಏನಾದ್ರೂ ಇದ್ರೆ ಫೋನ್ ಮಾಡ್ಲಿ, ನಿನ್ನ ಕೂಗಿಸ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ಗೌರಿ ಹಬ್ಬಕ್ಕೆ ಹೋದಾಗ ಚೆಲುವಮ್ಮನ ಮಗ ಮಾದೇಶ ಆ ನಂಬರನ್ನು ಇದ್ದಲಿನಲ್ಲಿ ಗೋಡೆಯ ಮೇಲೆ ದಪ್ಪಗೆ ಬರೆದುಕೊಂಡ.

ಚೆಲುವಮ್ಮ ಅದನ್ನು ನೋಡಿ, "ಸದ್ಯ, ಇನ್ನು ನಾನೇ ಎದ್ದು ಬರ್ಬೇಕಾಗಿಲ್ಲ," ಎಂದು ನಕ್ಕಳು.

ಮುಂದಿನ ಯುಗಾದಿ ಕಳೆದು ಬಿಸಿಲು ಬಲಿತಿತ್ತು. ಮತ್ತೆ ಹೆರಿಗೆಗೆ ಬಂದಿದ್ದ ಸೌಮ್ಯಳ ಎರಡನೆಯ ಮಗುವಿಗೆ ಮಂಗಳವಾರ ಬೆಳಿಗ್ಗೆ ತೊಟ್ಟಿಲ ಶಾಸ್ತ್ರ. ಸೋಮವಾರ ಸಂಜೆ ಪುಟ್ಟಸಿದ್ದಯ್ಯ ಅವರ ಹಿತ್ತಲಿನಲ್ಲಿ ಅಡಿಗೆಗೆ ಸೌದೆ ಒಡೆಯುತ್ತಿದ್ದ. ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಿದ್ದ ಫೋನು ಬಡಿದುಕೊಂಡಿತು. ನೆಂಟರ ಫೋನು ಬೆಳಗಿನಿಂದಲೂ ಬರುತ್ತಲೇ ಇದ್ದುದರಿಂದ ಅವನು ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಸುವರ್ಣಮ್ಮ ಹಿತ್ತಲ ಬಾಗಿಲಿಗೆ ಬಂದಳು. ದೀಪ ಹಚ್ಚುತ್ತಿದ್ದವಳ ಕೈಯಲ್ಲಿ ಬೆಂಕಿಪೊಟ್ಟಣ ಹಾಗೇ ಇತ್ತು.

"ಪುಟ್ಟಸಿದ್ದ, ಯಾರೋ ಫೋನ್ ಮಾಡಿ, ಎತ್ತಿದ ತಕ್ಷಣ ಸತ್ತೋಗ್ಬುಟ್ರು ಅಂದ್ಬುಟ್ರು ಕಣೋ. ದೀಪ ಹಚ್ಚೋ ಹೊತ್ನಲ್ಲಿ. ಸೌಮ್ಯ ಅಲ್ಲೇ ಕೂತಿದ್ಲು. ಭಯ ಆಗಿ ಮಡಗ್ಬುಟ್ಟೆ."

"ಯಾರು ಅನ್ನಿಲ್ವಾ ಅವ್ವಾ?"

"ಕೇಳ್ನಿಲ್ಲ ನಾನು. ತಪ್ಪಾಯ್ತಾ?"

ಪುಟ್ಟಸಿದ್ದಯ್ಯ ಕೊಡಲಿ ಕೆಳಗಿಟ್ಟ. ಇಂಥದ್ದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಅವಳು ಅವನನ್ನು ಕೇಳಲು ಬಂದಿದ್ದಳು.

"ಒಳ್ಳೇದೇ ಮಾಡಿದ್ರಿ ಬುಡಿ," ಎಂದ. "ಬಾಣಂತಿ ಕಿವಿಗೆ ಬೀಳ್ಬಾರ್ದು ಅದು. ಏಳೋ ಕ್ರಮವೇ ಗೊತ್ತಿಲ್ದೋನು ಯಾವನೋ ಏಳವ್ನೆ. ಆ ಫೋನ್ನ ನಾಳೆ ಶಾಸ್ತ್ರ ಮುಗಿಯೋಗಂಟ ಎತ್ತಿ ಪಕ್ಕಕ್ಕೆ ಮಡಗ್ಬುಡಿ. ನಿಮ್ಮೋರದೇ ಆಗಿದ್ರೆ ಯಾರಾರ ಬಂದು ಈಚೆ ನಿಂತು ಏಳ್ತಾರೆ. ಸತ್ತೋರು ಎಲ್ಲೂ ಎದ್ದೋಗಲ್ಲ."

ಸುವರ್ಣಮ್ಮನ ಮುಖಕ್ಕೆ ಜೀವ ಬಂತು. ಒಳಗೆ ಹೋಗಿ ರಿಸೀವರ್ ಎತ್ತಿ ಪಕ್ಕಕ್ಕಿಟ್ಟಳು. ಅವನು ಉಳಿದ ಸೌದೆ ಒಡೆದು, ಜೋಡಿಸಿ, ಮನೆಗೆ ಹೋಗಿ ಉಂಡು ಮಲಗಿದ.

ಮಾರನೆಯ ದಿನ ಶಾಸ್ತ್ರ ಚೆನ್ನಾಗಿ ನಡೆಯಿತು. ಪಂಕ್ತಿ ಎದ್ದ ಮೇಲೆ ಸುವರ್ಣಮ್ಮ ತನ್ನ ಕಡೆಯವರಿಗೆ, ಗಂಡನ ಕಡೆಯವರಿಗೆ, ಒಬ್ಬೊಬ್ಬರಿಗೂ ಫೋನು ಮಾಡಿ ಕ್ಷೇಮ ವಿಚಾರಿಸಿದಳು. ಎಲ್ಲರೂ ಚೆನ್ನಾಗಿದ್ದರು. ಹಿತ್ತಲಿನಲ್ಲಿ ಎಲೆ ಹಾಕಿಸಿಕೊಂಡು ಉಣ್ಣುತ್ತಿದ್ದ ಪುಟ್ಟಸಿದ್ದಯ್ಯನ ಹತ್ತಿರ ಬಂದು, "ರಾಂಗ್ ನಂಬರ್ ಇರ್ಬೇಕು ಕಣೋ. ನಮ್ಮೋರ್ಯಾರೂ ಅಲ್ಲ," ಎಂದಳು.

"ಸದ್ಯ," ಎಂದ ಪುಟ್ಟಸಿದ್ದಯ್ಯ, ಪಾಯಸಕ್ಕೆ ಕೈ ಹಾಕುತ್ತ. ನಮ್ಮೋರ್ಯಾರೂ ಅಲ್ಲ ಎಂದರೆ ಇನ್ನು ಯಾರಿರಬಹುದು ಎಂದು ಅವಳೂ ಯೋಚಿಸಲಿಲ್ಲ, ಅವನೂ ಯೋಚಿಸಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಬಾಗಿಲ ಮುಂದೆ ಕೂತು ಕುಡುಗೋಲಿಗೆ ಹಿಡಿ ಹಾಕುತ್ತಿದ್ದ. ಕೇರಿಯ ಕೊನೆಯಿಂದ ಒಬ್ಬ ಬರುತ್ತಿರುವುದು ಕಂಡಿತು. ನಡಿಗೆ ನೋಡಿದರೆ ಮಾದೇಶ. ಟವಲು ಹೆಗಲ ಮೇಲಿತ್ತು. ಬಂದವನು ಬೇವಿನ ಮರದ ಕೆಳಗೇ ನಿಂತ, ಮುಂದಕ್ಕೆ ಬರಲಿಲ್ಲ. ತಲೆ ಹೊಸದಾಗಿ ಬೋಳಿಸಿತ್ತು.

ಎಷ್ಟೋ ಮನೆಗಳ ಮುಂದೆ ಹಾಗೆ ನಿಂತಿದ್ದವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಪುಟ್ಟಸಿದ್ದಯ್ಯ ಕುಡುಗೋಲು ಕೆಳಗಿಟ್ಟು ಎದ್ದು ನಿಂತ.

"ಯಾವತ್ಲಾ?"

"ಯಾವತ್ತು ಅಂತ ನನ್ ಕೇಳೀಯಾ ಮಾವ?" ಎಂದ ಮಾದೇಶ. "ಸೋಮ್ವಾರ ಸೊಪ್ಪು ಕುಯ್ಯಕ್ಕೋದೋಳು ಅಲ್ಲೇ ಬಿದ್ಲು. ಅನೂರ್ಗೆ ಓಡ್ಬಂದು ಬೂತ್ನಲ್ಲಿ ಫೋನ್ ಮಾಡ್ದಿ. ಎಂಗಸ್ರು ಎತ್ತಿದ್ರು. ಸತ್ತೋಗ್ಬುಟ್ರು, ನಮ್ಮವ್ವ ಚೆಲುವಮ್ಮ, ಪುಟ್ಟಸಿದ್ದಯ್ಯಂಗೆ ಏಳಿ ಅಂತ ಅಷ್ಟೂ ಏಳ್ದಿ. ಇನ್ನೊಂದ್ ಕಿತ ಮಾಡ್ದ್ರೆ ಎಂಗೇಜು."

"ಮೊದ್ಲು ಏನಂದೆ?"

"ಏನು?"

"ಎತ್ತಿದ್ ತಕ್ಷಣ ಮೊದ್ಲು ಏನಂದೆ ಕಣ್ಲಾ?"

"ಸತ್ತೋಗ್ಬುಟ್ರು ಅಂದಿ. ಮತ್ತಿನ್ನೇನ್ ಅನ್ಲಿ? ಅವ್ವ ಸತ್ತವ್ಳೆ, ಎದೆ ಒಡ್ದೋಗದ, ನಿಂತ್ಕಂಡು ಕತೆ ಏಳಕಾದದಾ?" ಮಾದೇಶ ಟವಲಿನಿಂದ ಮುಖ ಒರೆಸಿಕೊಂಡ. "ಮಂಗ್ಳಾರ ಒತ್ತು ಮುಳ್ಗೋಗಂಟ ಕಾದ್ವಿ ಮಾವ. ಬಿಸ್ಲು. ಎಣ ತಡೀನಿಲ್ಲ. ತವ್ರಿಲ್ದೋಳು ಅಂದ್ರು ಜನ. ಕೊನ್ಗೆ ನನ್ನೆಡ್ತಿದೇ ಒಂದ್ ಸೀರೆ ಒದಿಸಿ ಮಣ್ ಮಾಡ್ದೋ. ನಾಳೆ ಆಲು ತುಪ್ಪ. ಬರೋದಾದ್ರೆ ಬಾ."

ಕೆಂಪಾಜಮ್ಮ ಒಳಗಿಂದ ಓಡಿಬಂದು ನೀರು ಕೊಟ್ಟಳು. ಅವನು ಮುಟ್ಟಲಿಲ್ಲ. ಬಂದ ದಾರಿಯಲ್ಲೇ ತಿರುಗಿದ.

ಪುಟ್ಟಸಿದ್ದಯ್ಯ ಅಳಲಿಲ್ಲ. ಕೆಂಪಾಜಮ್ಮ ಅವನ ಕೈ ಹಿಡಿದು, "ಆ ಮನೆಯೋರು ನಿಂಗೆ ಏಳ್ನೇ ಇಲ್ವಾ?" ಎಂದಳು.

"ಏಳುದ್ರು ಕನ," ಎಂದ ಅವನು. "ಬಂದು ನನ್ನೇ ಕೇಳುದ್ರು. ನಾನೇ ಮಡಗ್ಬುಡಿ ಅಂದಿ."

ಅವನು ತಲೆಯ ಟವಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಮೇಲಿನ ಬೀದಿಗೆ ಹೋದ. ದಾರಿಯಲ್ಲಿ ಕಂಡವರು ಮಾತು ನಿಲ್ಲಿಸಿದರು. ಆ ಟವಲನ್ನು ಹೆಗಲ ಮೇಲೆ ಕಂಡು ವರ್ಷಗಳಾಗಿದ್ದವು. ಶಿವಮಲ್ಲಪ್ಪನ ಮನೆಯ ಮುಂದೆ ಬಂದು, ಜಗುಲಿಯ ಕೆಳಗೆ ನಿಂತು, ಒಳಗೆ ಮಗುವಿನ ಅಳು ನಿಲ್ಲುವವರೆಗೆ ಕಾದ.

"ಅವ್ವಾರೇ, ವಸಿ ಈಚ್ಗೆ ಬನ್ನಿ."

ಸುವರ್ಣಮ್ಮ ಬಂದಳು. ಹೆಗಲ ಮೇಲಿನ ಟವಲು ನೋಡಿ ಕಂಬ ಹಿಡಿದುಕೊಂಡಳು. "ಯಾರೋ? ನಮ್ ಕಡೆಯೋರಾ?"

"ಅನೂರ್ ಸೀಮೆ ಅರಳಿದೊಡ್ಡಿ, ಅವ್ವಾ," ಎಂದ. "ಮಾದೇಶ ಅಂತ ಅವ್ನಲ್ಲ, ಅವ್ನ ಮನೆ. ಚೆಲುವಮ್ಮ ಅಂತ."

ಕೊನೆಯ ಮಾತನ್ನು ಅವನು ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಸುವರ್ಣಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ಸೋಮವಾರವಾ?"

ಅವನು ತಲೆಯಾಡಿಸಿದ.

"ನನ್ನ ಬಯ್ಯೋ ಪುಟ್ಟಸಿದ್ದ. ಏನಾದ್ರೂ ಅನ್ನು."

"ನಿಮ್ಮ ಏನಂತ ಬಯ್ಲಿ ಅವ್ವಾ. ಬಾಣಂತಿ ಇದ್ಳು, ದೀಪ ಅಚ್ಚೋ ಒತ್ತು. ನಾನಾಗಿದ್ರೆ ಈಚೆ ನಿಂತು ಕಾಯ್ತಿದ್ದಿ. ಆ ಫೋನ್ಗೆ ಕಾಯಕ್ ಬರಲ್ವಲ್ಲ. ಜಗ್ಲಿ ಕೆಳ್ಗೆ ನಿಂತ್ಕ ಅಂತ ಅದ್ಕ್ಯಾರ್ ಏಳ್ಕೊಟ್ಟಿದ್ರು. ನೇರವಾಗಿ ದೇವ್ರ ಮನೆ ಪಕ್ಕಕ್ ಬಂದ್ಬುಡ್ತು."

ಅವಳು ಎದ್ದು ಒಳಗೆ ಹೋದಳು. ಬಹಳ ಹೊತ್ತಾದ ಮೇಲೆ ಬಂದಳು. ಒಂದು ಕೈಯಲ್ಲಿ ಮೊರದ ತುಂಬ ರಾಗಿ, ಇನ್ನೊಂದು ತೋಳಿನ ಮೇಲೆ ಮಗಳ ಶಾಸ್ತ್ರಕ್ಕೆ ಬಂದಿದ್ದ ಹೊಸ ಸೀರೆ. ಹಸಿರು ಬಣ್ಣದ್ದು.

"ಇದನ್ನ ತಕಂಡೋಗು. ನಿನ್ ತಂಗಿಗೆ."

ಪುಟ್ಟಸಿದ್ದಯ್ಯ ಆ ಸೀರೆಯನ್ನು ನೋಡಿದ. "ಮಣ್ಗೆ ಸೀರೆ ಉಡ್ಸಕಾದದಾ ಅವ್ವಾ?" ಎಂದ. ಕೈ ಚಾಚಲಿಲ್ಲ.

ಅವಳು ಮೊರ ಹಿಡಿದುಕೊಂಡು ನಿಂತೇ ಇದ್ದಳು. ರಾಗಿಯನ್ನೂ ಬೇಡ ಎಂದು ತಿರುಗಿ ನಡೆದುಬಿಡಬೇಕು ಎಂದು ಅವನಿಗೆ ಆ ಗಳಿಗೆಯಲ್ಲಿ ಬಲವಾಗಿ ಅನ್ನಿಸಿತು. ತಂಗಿಯ ಸಾವನ್ನು ಹೇಳಿ ರಾಗಿ ಹಾಕಿಸಿಕೊಂಡ ಅಣ್ಣ ಎಲ್ಲಾದರೂ ಉಂಟೆ? ಆ ಸಾವು ಇರಲಿ ಇಲ್ಲೇ, ಬಂದು ಹೊಕ್ಕ ಮನೆಯಲ್ಲೇ ಇರಲಿ. ಒಳಗೆ ತೊಟ್ಟಿಲಿನ ಸರಪಳಿ ಕಿರುಗುಟ್ಟಿತು. ಮಗು ಮತ್ತೆ ಅಳಲು ಶುರುಮಾಡಿತು, ಸೌಮ್ಯ ಏನೋ ಗುನುಗಿದಳು.

ಪುಟ್ಟಸಿದ್ದಯ್ಯ ಹೆಗಲಿನ ಟವಲು ತೆಗೆದು ಎರಡೂ ಕೈಯಲ್ಲಿ ಹರಡಿ ಹಿಡಿದ. ಸುವರ್ಣಮ್ಮ ಜಗುಲಿಯ ಅಂಚಿನಿಂದ ರಾಗಿ ಸುರಿದಳು. ಒಂದು ಕಾಳೂ ಆಚೆ ಬೀಳದ ಹಾಗೆ ಅವನು ಗಂಟು ಕಟ್ಟಿಕೊಂಡ. ಹಿಂದೆ ತಿರುಗಿ ನೋಡದೆ ನಡೆದ.

ಮಾರನೆಯ ದಿನ ಅವನೂ ಕೆಂಪಾಜಮ್ಮನೂ ಅರಳಿದೊಡ್ಡಿಗೆ ಹೋದರು. ಬಸ್ಸಿನ ಕಿಟಕಿಯಿಂದ, ತಾನು ತೋಡಿದ್ದ ಕಾಲುವೆಯ ಗುಂಟ ನೆಟ್ಟಿದ್ದ ಗುರುತಿನ ಕಲ್ಲುಗಳು ಒಂದರ ಹಿಂದೆ ಒಂದು ಸರಿದುಹೋದವು. ಹಾಲು ತುಪ್ಪ ಬಿಡುವಾಗ ಅವನನ್ನು ಕೊನೆಯಲ್ಲಿ ಕರೆದರು. ಯಾರೂ ಜಗಳಕ್ಕೆ ಬರಲಿಲ್ಲ. ಯಾರೂ ಮಾತೂ ಆಡಿಸಲಿಲ್ಲ. ಮಣ್ಣಿನ ಗುಪ್ಪೆ ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ಗೋಡೆಯ ಮೇಲಿನ ಇದ್ದಲಿನ ನಂಬರನ್ನು ಮಾದೇಶ ಸಗಣಿ ಬಳಿದು ಅಳಿಸಿದ್ದ. ಮುಂದಿನ ಗೌರಿ ಹಬ್ಬಕ್ಕೆ ಪುಟ್ಟಸಿದ್ದಯ್ಯ ಕೊಳ್ಳೇಗಾಲಕ್ಕೆ ಹೋಗಲಿಲ್ಲ.

ಸುವರ್ಣಮ್ಮ ತಿಂಗಳೊಳಗೆ ಉದ್ದದ ತಂತಿ ಎಳೆಸಿ ಫೋನನ್ನು ಜಗುಲಿಗೆ ತಂದಿರಿಸಿದಳು. ಅಕ್ಕಪಕ್ಕದ ಮನೆಯವರು ನಕ್ಕರು. ಆಮೇಲೆ ಅವರಲ್ಲೂ ಒಂದಿಬ್ಬರು ಹಾಗೇ ಮಾಡಿದರು. ಪುಟ್ಟಸಿದ್ದಯ್ಯ ಕೂಲಿಗೆ ಹೋಗುವಾಗ ಬರುವಾಗ ಆ ಬೀದಿಯಲ್ಲೇ ಹಾಯಬೇಕು. ಎಲ್ಲಾದರೂ ಫೋನು ಬಡಿದುಕೊಂಡರೆ ಅವನ ಕಾಲು ನಿಂತುಬಿಡುತ್ತಿತ್ತು. ಯಾರಾದರೂ ಬಂದು ಎತ್ತಿ, ಆಚೆಯವರ ಮಾತು ಬೆಲ್ಲದ ಧಾರಣೆಯದೋ ಮದುವೆಯದೋ ಎಂದು ಎತ್ತಿದವರ ಮುಖದಿಂದ ಗೊತ್ತಾಗುವವರೆಗೆ ಅವನು ಜಗುಲಿಯ ಕೆಳಗೆ ನಿಂತಿರುತ್ತಿದ್ದ. ಆಮೇಲೆ ಟವಲು ಸರಿಯಾಗಿ ಸುತ್ತಿಕೊಂಡು ಮುಂದಕ್ಕೆ ಹೋಗುತ್ತಿದ್ದ.